ಪೆನಾಂಗ್‌ನಲ್ಲಿ ಬೆಳಗ್ಗೆ ತಿಂಡಿಗೆ ಏನ್ ಸಿಗುತ್ತೆ?

ಅಲೆಮಾರಿ_ಹಾಸನ: ಮುಂದಿನ್ ತಿಂಗ್ಳು ಅಪ್ಪ ಅಮ್ಮನ್ ಕರ್ಕೊಂಡು ಮಲೇಷ್ಯಾದ ಪೆನಾಂಗ್‌ಗೆ ಹೋಗ್ತಿದೀವಿ, ಸ್ಟೇ ಜಾರ್ಜ್ ಟೌನ್‌ನಲ್ಲೇ. ನಂಗೆ ಹೋಟೆಲ್ ಬಫೆ ಬೇಡ, ಬೀದಿ ಬದಿನೇ ತಿನ್ಬೇಕು, ಆದ್ರೆ ಅಮ್ಮ ಮೀನು ಮೊಟ್ಟೆ ಮುಟ್ಟಲ್ಲ. ಗೊತ್ತಿರೋರು ಹೇಳ್ರಪ್ಪ

ಪರೋಟ_ಪ್ರಿಯ: ರೋಟಿ ಚನಾಯ್ ಬಿಡ್ಲೇಬೇಡಿ ಗುರೂ. ಮೈದಾ ಹಿಟ್ಟನ್ನ ಗಾಳೀಲಿ ಬೀಸಿ ಬೀಸಿ ತೆಳ್ಳಗ್ ಮಾಡಿ ಮಡಚಿ ಕಲ್ಲಿನ್ ಮೇಲೆ ಬೇಯಿಸ್ತಾರೆ, ಜೊತೆಗೆ ದಾಲ್, ಆದ್ರೆ ಕೆಲವ್ರು ಹಿಟ್ಟಿಗೇ ಮೊಟ್ಟೆ ಹಾಕ್ತಾರೆ, ದಾಲ್ ಮೇಲೆ ಮೀನ್ ಕರಿನೂ ಸುರಿದ್ಬಿಡ್ತಾರೆ, ಮೊದ್ಲೇ ಕೇಳ್ಕೊಳ್ಳಿ. ನಾಸಿ ಲೆಮಾಕ್ ನಿಮಗೆ ಮಾತ್ರ. ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನ, ಬಾಳೆಎಲೇಲಿ ಕಟ್ಟಿರ್ತಾರೆ, ಘಮ ಅಂದ್ರೆ ಘಮ, ಆದ್ರೆ ಜೊತೇಲಿ ಪುಟ್ಟ ಒಣಮೀನು ಇದ್ದೇ ಇರುತ್ತೆ

ಸುಮ್ನೆ_ಸುತ್ತಾಟ: ಅಮ್ಮಂಗೆ ಲಿಟಲ್ ಇಂಡಿಯಾನೇ ಸೇಫು, ತಮಿಳರ ವೆಜ್ ಹೋಟ್ಲಲ್ಲಿ ಇಡ್ಲಿ ದೋಸೆ ಎಲ್ಲಾ ಸಿಗುತ್ತೆ. ಚೀ ಚಾಂಗ್ ಫನ್ ನೋಡೋಕೆ ಬರೀ ಅಕ್ಕಿ ಸುರುಳಿ, ಮೋಸ ಹೋಗ್ಬೇಡಿ, ಪೆನಾಂಗ್‌ನಲ್ಲಿ ಅದ್ರ ಮೇಲೆ ಸೀಗಡಿ ಪೇಸ್ಟ್ ಹಾಕ್ತಾರೆ. ಕಾಯಾ ಟೋಸ್ಟ್‌ನ ಜ್ಯಾಮಲ್ಲೂ ಮೊಟ್ಟೆ

ಅಲೆಮಾರಿ_ಹಾಸನ: ಥ್ಯಾಂಕ್ಸ್ ಇಬ್ರಿಗೂ! ಕಾಫಿ ಹೆಂಗೆ? ಅಪ್ಪಂಗೆ ಶುಗರ್ ಇದೆ

ಸುಮ್ನೆ_ಸುತ್ತಾಟ: ಬರೀ ಕೋಪಿ ಅಂದ್ರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಪಾಯಸ ಮಾಡ್ಕೊಡ್ತಾರೆ. ಕೋಪಿ ಓ ಕೊಸೊಂಗ್ ಅನ್ನಿ, ಹಾಲು ಸಕ್ರೆ ಎರಡೂ ಇರಲ್ಲ