ಹರಾಜಿನಲ್ಲಿ ಹಳೆ ಲೇತ್ ಕೂಗಬಹುದಾ? ಅನುಭವ ಇದ್ದವರು ಹೇಳಿ

ಒಂದು ಹಳೆ ವರ್ಕ್‌ಶಾಪ್ ಮುಚ್ಚುತ್ತಿದ್ದಾರೆ. ಅಲ್ಲಿರುವ ಯಂತ್ರಗಳೆಲ್ಲ ಹರಾಜಿಗೆ ಬಂದಿವೆ. ಪಟ್ಟಿಯಲ್ಲಿ ಒಂದು ಸಣ್ಣ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ), ಒಂದು ಡ್ರಿಲ್ಲಿಂಗ್ ಮಷೀನ್, ಒಂದು ಬೆಂಚ್ ಗ್ರೈಂಡರ್ ಇವೆ. ಸ್ಪ್ಯಾನರ್ ಹಿಡಿದು ನನಗೆ ಅಭ್ಯಾಸ ಇದೆ, ಆದರೆ ಲೇತ್ ಯಾವತ್ತೂ ಬಿಚ್ಚಿಲ್ಲ. ಫೋಟೋ ನೋಡಿದರೆ ಎಲ್ಲಕ್ಕೂ ತುಕ್ಕು ಹಿಡಿದಿದೆ. ಕೂಗಬಹುದಾ? ನೋಡಲು ಹೋದಾಗ ಏನನ್ನು ಗಮನಿಸಬೇಕು? ಮನೆಯಲ್ಲೇ ಸರಿ ಮಾಡಿಕೊಂಡವರು ದಯವಿಟ್ಟು ಹೇಳಿ.

* * *

ಧಾರಾಳವಾಗಿ ಹೋಗಿ. ತುಕ್ಕು ನಿಮ್ಮ ಕಡೆಗೇ ಇದೆ. ಅದನ್ನು ನೋಡಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಹೆದರಬೇಕಾದ್ದು ಇರುವ ತುಕ್ಕಿಗಲ್ಲ, ಇಲ್ಲದ ಭಾಗಕ್ಕೆ.

ನನ್ನ ಮೊದಲ ಲೇತಿನ ಕತೆ ಕೇಳಿ. ನೋಡಲು ಚೆನ್ನಾಗಿತ್ತು, ಕಡೆಯುವ ತುಂಡನ್ನು ಕಚ್ಚಿ ಹಿಡಿಯುವ ಚಕ್ ಸಲೀಸಾಗಿ ತಿರುಗುತ್ತಿತ್ತು. ಕೂಗಿದೆ, ಸಿಕ್ಕಿತು. ಮನೆಗೆ ತಂದು ಪಕ್ಕದ ಮುಚ್ಚಳ ತೆಗೆದರೆ ಒಳಗೆ ಎರಡೇ ಗೇರ್. ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಕಡಿಯಲು ಬದಲಿಸಿ ಬದಲಿಸಿ ಹಾಕುವ ಗೇರುಗಳ ಸೆಟ್ಟೇ ಇಲ್ಲ. ಆಮೇಲೆ ನೆನಪಾಯಿತು. ಲೇತಿನ ಕಾಲ ಹತ್ತಿರ ಒಂದು ಕಬ್ಬಿಣದ ಬಕೆಟ್ ಇತ್ತು. ಅದರಲ್ಲಿ ಬೋಲ್ಟು, ಪುಲ್ಲಿ, ಗ್ರೀಸ್ ಮೆತ್ತಿದ ಒಂದಷ್ಟು ಗೇರ್. ಅದಕ್ಕೆ ಬೇರೆ ಲಾಟ್ ನಂಬರ್ ಅಂಟಿಸಿದ್ದರು, ಅಂದರೆ ಅದರ ಹರಾಜೇ ಬೇರೆ. ಗುಜರಿಯವರು ತೂಕದ ಲೆಕ್ಕ ಹಾಕಿ ಕೂಗಿ ಹೊತ್ತುಕೊಂಡು ಹೋದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ! ಕೊನೆಗೆ ಕೆಲವು ಗೇರ್ ಹುಡುಕಿ ತಂದೆ, ಉಳಿದವನ್ನು ಮಾಡಿಸಿದೆ. ಲೇತಿಗೆ ಕೊಟ್ಟದ್ದಕ್ಕಿಂತ ಗೇರಿಗೆ ಕೊಟ್ಟದ್ದೇ ಜಾಸ್ತಿಯಾಯಿತು.

ಅವತ್ತಿನಿಂದ ನನ್ನ ಲೆಕ್ಕ ಬದಲಾಗಿದೆ. ಸವೆದ ಬೇರಿಂಗ್, ಹರಿದ ಬೆಲ್ಟ್, ಸುಟ್ಟ ಮೋಟರ್ ಇವಕ್ಕೆಲ್ಲ ಹೊಸದು ಸಿಗುತ್ತದೆ. ಆ ಯಂತ್ರಕ್ಕೆಂದೇ ಎರಕ ಹೊಯ್ದ ಒಂದು ಹಿಡಿಯೋ ಬ್ರಾಕೆಟ್ಟೋ ಕಾಣೆಯಾಗಿದ್ದರೆ ಅದೇ ಕಷ್ಟ. ಚೊಕ್ಕಟವಾಗಿ ಕಾಣುವ ಅರೆಬರೆ ಯಂತ್ರಕ್ಕಿಂತ ಕೊಳಕಾದ ಪೂರ್ತಿ ಯಂತ್ರವೇ ಲಾಭ. ನೋಡಲು ಹೋಗುವ ಮೊದಲು ಅದೇ ಮಾದರಿಯ ಪೂರ್ತಿ ಲೇತಿನ ಚಿತ್ರ ಹುಡುಕಿ ಫೋನಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ನಿಂತು ಒಂದೊಂದೇ ಭಾಗ ತಾಳೆ ನೋಡಿ. ಸುತ್ತ ಇರುವ ಪೆಟ್ಟಿಗೆ, ಡಬ್ಬಿ, ಬಕೆಟ್ ಎಲ್ಲದಕ್ಕೂ ಕೈ ಹಾಕಿ.

ಲೇತಿನಲ್ಲಿ ನೋಡಬೇಕಾದ್ದು ಇಷ್ಟು. ಬೆಡ್ಡು, ಅಂದರೆ ಕೆಳಗಿನ ಉದ್ದನೆಯ ಹಳಿ, ಚಕ್ ಹತ್ತಿರವೇ ಜಾಸ್ತಿ ಸವೆಯುತ್ತದೆ, ಏಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲಿ. ಅಲ್ಲಿ ಉಗುರು ಎಳೆದು ನೋಡಿ, ಮೆಟ್ಟಿಲಿನಂತೆ ತಡೆದರೆ ಸವೆತ ಇದೆ. ಇನ್ನೊಂದು ಪರೀಕ್ಷೆ: ಉಳಿ ಹೊತ್ತು ಬೆಡ್ಡಿನ ಮೇಲೆ ಓಡುವ ಕ್ಯಾರೇಜನ್ನು ಚಕ್ ಹತ್ತಿರ ಅಲುಗಾಡದಂತೆ ಬಿಗಿ ಮಾಡಿ ಬೆಡ್ಡಿನ ಇನ್ನೊಂದು ತುದಿಗೆ ಓಡಿಸಿ. ಅರ್ಧ ದಾರಿಯಲ್ಲೇ ಸಿಕ್ಕಿಕೊಂಡರೆ ಬೆಡ್ಡು ಒಂದು ಕಡೆ ತಿಂದುಹೋಗಿದೆ. ಚಕ್ಕಿಗೆ ಉದ್ದನೆಯ ಮರದ ಕೋಲು ಕಚ್ಚಿಸಿ ಮೇಲೆ ಕೆಳಗೆ ಎತ್ತಿ ನೋಡಿ. ಚಕ್ ಕೂರುವ ಶಾಫ್ಟ್, ಅಂದರೆ ಸ್ಪಿಂಡಲ್, ಟಕ್ ಎಂದು ಅಲುಗಿದರೆ ಬೇರಿಂಗ್ ಹೋಗಿದೆ, ಇಲ್ಲವೇ ಸಡಿಲವಾಗಿದೆ. ಬ್ಯಾಕ್ ಗೇರ್ (ವೇಗ ಇಳಿಸುವ ಗೇರ್) ಹಾಕಿ ಕೈಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿ. ಗಟ್ಟಿಯಾದ ಚಕ್ ಬಿಚ್ಚಲು ಬ್ಯಾಕ್ ಗೇರನ್ನು ಲಾಕ್ ಮಾಡಿ ಸುತ್ತಿಗೆಯಲ್ಲಿ ಹೊಡೆದು ಹಲ್ಲು ಮುರಿದವರು ತುಂಬಾ ಜನ ಇದ್ದಾರೆ. ಉಳಿಯನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹಿಡಿಯಲ್ಲಿ ಸ್ವಲ್ಪ ಆಟ ಇದ್ದರೆ ಬಿಡಿ, ಅದು ಹಳೆ ಲೇತಿಗೆಲ್ಲ ಇರುವ ಕಾಯಿಲೆ.

ಹೊಸ ಬಣ್ಣ ಬಳಿದಿದ್ದರೆ ಮಾತ್ರ ಟಾರ್ಚ್ ಹಿಡಿದು ನೋಡಿ. ಬೀಡು ಕಬ್ಬಿಣ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಒಮ್ಮೆ ಮಿರಮಿರ ಮಿನುಗುವ ಡ್ರಿಲ್ಲಿಂಗ್ ಮಷೀನ್ ತಂದೆ. ಟೇಬಲ್ ಕಂಬಕ್ಕೆ ಕೂರುವ ಕಡೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಮೊದಲ ಸಲ ಬಿಗಿ ಮಾಡಿದಾಗಲೇ ಬಾಯಿಬಿಟ್ಟಿತು.

ಕೂಗುವ ವಿಷಯ. ಸಾಮಾನ್ಯವಾಗಿ ಎಲ್ಲವನ್ನೂ ಇದ್ದ ಹಾಗೇ ಮಾರುತ್ತಾರೆ, ಮನೆಗೆ ಬಂದ ಮೇಲೆ ದೂರು ಕೇಳುವವರಿಲ್ಲ. ನಿಯಮಗಳನ್ನು ಮೊದಲೇ ಓದಿ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಇರಬಹುದು, ತೆರಿಗೆ ಇರಬಹುದು. ಇಷ್ಟು ದಿನದೊಳಗೆ ಸಾಗಿಸಬೇಕು ಎಂಬ ಗಡುವೂ ಇರುತ್ತದೆ. ಎತ್ತುವ ಕೂಲಿ, ಸಾಗಾಟ, ಬೇರಿಂಗ್, ಬೆಲ್ಟು, ವೈರಿಂಗ್ ಎಲ್ಲ ಕೂಡಿಸಿ, ಅದನ್ನು ನಿಮ್ಮ ಬಜೆಟ್ಟಿನಿಂದ ಕಳೆಯಿರಿ. ಉಳಿದದ್ದೇ ನಿಮ್ಮ ಮಿತಿ. ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಪಕ್ಕದವರು ಕೂಗಿದರೆಂದು ರೋಷಕ್ಕೆ ಬೀಳಬೇಡಿ. ನಾನು ಬಿದ್ದಿದ್ದೇನೆ, ಅದಕ್ಕೇ ಹೇಳಿದೆ.

* * *

ಮೇಲಿನವರು ಯಂತ್ರದ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಮೋಟರ್ ರಿವೈಂಡಿಂಗ್ ನನ್ನ ಕೆಲಸ, ಆದ್ದರಿಂದ ಆ ಕಡೆಯದ್ದು ನಾನು ಹೇಳುತ್ತೇನೆ.

ವರ್ಕ್‌ಶಾಪ್ ಯಂತ್ರ ಎಂದರೆ ಮೋಟರ್ ಮೂರು ಫೇಸಿನದ್ದಾಗಿರುವ ಸಾಧ್ಯತೆ ಜಾಸ್ತಿ. ಮನೆಯಲ್ಲಿರುವುದು ಒಂದೇ ಫೇಸ್. ಇದನ್ನು ನೋಡಿ ತುಂಬಾ ಜನ ಬಿಟ್ಟು ಹೋಗುತ್ತಾರೆ. ಅದೇ ನಿಮಗೆ ಅಗ್ಗವಾಗುವ ಕಾರಣ. ವಿಎಫ್‌ಡಿ ಎಂಬ ಡ್ರೈವ್ ಸಿಗುತ್ತದೆ. ಒಂದು ಫೇಸ್ ತೆಗೆದುಕೊಂಡು ಮೂರು ಫೇಸ್ ಕೊಡುತ್ತದೆ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಸಣ್ಣ ಲೇತಿನ 1 ಅಥವಾ 2 ಎಚ್‌ಪಿ ಮೋಟರಿಗೆ ಸುಲಭವಾಗಿ ಸಾಕಾಗುತ್ತದೆ. 1 ಎಚ್‌ಪಿ ಎಂದರೆ 746 ವ್ಯಾಟ್, ಡ್ರೈವ್ ಕೊಳ್ಳುವಾಗ ಈ ಲೆಕ್ಕ ಬೇಕಾಗುತ್ತದೆ. ಮೋಟರಿನ ಪ್ಲೇಟ್ ಫೋಟೋ ತೆಗೆದುಕೊಳ್ಳಿ. ಅದರಲ್ಲಿ 230/400 ವೋಲ್ಟ್ ಎಂದಿದ್ದರೆ ಡೆಲ್ಟಾ ಜೋಡಣೆ (ಮೂರು ವೈಂಡಿಂಗನ್ನು ತ್ರಿಕೋನದಂತೆ ಸೇರಿಸುವುದು) ಮಾಡಿ 230 ವೋಲ್ಟ್ ಡ್ರೈವಿನಲ್ಲಿ ಓಡಿಸಬಹುದು. ಒಂದು ಎಚ್ಚರ: ಡ್ರೈವಿಗೂ ಮೋಟರಿಗೂ ನಡುವೆ ಹಳೆ ಸ್ವಿಚ್ ಬೇಡ. ಓಡುವಾಗ ಅದನ್ನು ಆರಿಸಿದರೆ ಡ್ರೈವ್ ಹಾಳಾಗಬಹುದು.

ತಂದ ದಿನವೇ ಕರೆಂಟ್ ಕೊಡಬೇಡಿ. ಮೊದಲು 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ವೈಂಡಿಂಗಿಗೂ ಬಾಡಿಗೂ ನಡುವೆ ನೋಡಿ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಮೋಟರ್ ಥಂಡಿ ಹಿಡಿದಿರಬಹುದು. ಬಿಚ್ಚಿ, ಬಲ್ಬಿನ ಶಾಖದಲ್ಲಿ ಎರಡು ಮೂರು ದಿನ ಒಣಗಿಸಿ ಮತ್ತೆ ನೋಡಿ. ಎಷ್ಟೋ ಮೋಟರ್ ಇಷ್ಟಕ್ಕೇ ಎದ್ದು ಕೂರುತ್ತವೆ. ಹಳೆ ರಬ್ಬರ್ ವೈರು ಮುಟ್ಟಿದರೆ ಪುಡಿಯಾಗುತ್ತದೆ, ಪೂರ್ತಿ ಬದಲಿಸಿ. ಅರ್ತ್ ಇಲ್ಲದೆ ಓಡಿಸಲೇಬೇಡಿ. ಸಿಂಗಲ್ ಫೇಸ್ ಮೋಟರಾದರೆ ಕೆಪಾಸಿಟರಿಗೆ ಕೈ ಹಾಕುವ ಮೊದಲು ರೆಸಿಸ್ಟರ್ ಇಟ್ಟು ಅದರ ಚಾರ್ಜ್ ಇಳಿಸಿ. ಪ್ಲಗ್ ಕಿತ್ತ ಮೇಲೂ ಅದು ಹೊಡೆಯುತ್ತದೆ.

* * *

ತುಕ್ಕಿನ ಪಾಲು ನನ್ನದು.

ಲೇತಿನ ಬೆಡ್ಡಿಗೆ ಮಾತ್ರ ಸ್ಯಾಂಡ್ ಪೇಪರ್ ತಾಗಿಸಬೇಡಿ. ಸೀಮೆಎಣ್ಣೆ ಹಚ್ಚಿ, ಬ್ಲೇಡನ್ನು ಓರೆಯಾಗಿ ಹಿಡಿದು ಹೆರೆಯಿರಿ. ತುಕ್ಕು ಸಿಪ್ಪೆಯಂತೆ ಏಳುತ್ತದೆ, ಕೆಳಗಿನ ಲೋಹ ಹಾಗೇ ಉಳಿಯುತ್ತದೆ. ಪೇಪರ್ ಉಜ್ಜಿದರೆ ಅದರ ಹರಳು ಸಂದಿಗೆ ಸೇರಿ ಆಮೇಲೆ ಬೆಡ್ಡನ್ನೇ ತಿನ್ನುತ್ತದೆ.

ಬಿಚ್ಚಿದ ಸಣ್ಣ ಕಬ್ಬಿಣದ ಭಾಗಗಳಿಗೆ ವಾಶಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ಸಾಕು. ಪ್ಲಾಸ್ಟಿಕ್ ಟಬ್ಬಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ. ತುಕ್ಕು ಹಿಡಿದ ಭಾಗ ನೆಗೆಟಿವ್‌ಗೆ, ಬೇಡದ ಕಬ್ಬಿಣದ ತುಂಡು ಪಾಸಿಟಿವ್‌ಗೆ. ಅದಲುಬದಲು ಮಾಡಿದರೆ ನಿಮ್ಮ ಒಳ್ಳೆ ಭಾಗವೇ ಕರಗುತ್ತದೆ! ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಮೇಲೇಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಿನಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಅಲ್ಯೂಮಿನಿಯಂ ಭಾಗ, ಸ್ಪ್ರಿಂಗ್ ಇದರಲ್ಲಿ ಹಾಕುವ ಹಾಗಿಲ್ಲ. ಹೊರಗೆ ತೆಗೆದ ತಕ್ಷಣ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಚಹಾ ಕುಡಿದು ಬರುತ್ತೇನೆ ಎಂದು ಹೋದರೆ ಅಷ್ಟರಲ್ಲಿ ಕೆಂಪಗಾಗಿರುತ್ತದೆ. ಹೊಸ ಆಟೋಮ್ಯಾಟಿಕ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದಿದ್ದರೆ ಶುರುವೇ ಆಗುವುದಿಲ್ಲ. ನಾನು ಇದು ಗೊತ್ತಾಗದೆ ಒಂದು ದಿನ ಟಬ್ಬಿನ ಮುಂದೆ ಸುಮ್ನೆ ಕೂತಿದ್ದೆ.

ಬೇರಿಂಗ್ ತೆಗೆದ ಮೇಲೆ ಅಂಚಿನ ನಂಬರ್ ಓದಿ. 6204 ಎಂದಿದ್ದರೆ ಕೊನೆಯ 04 ಅನ್ನು 5ರಿಂದ ಗುಣಿಸಿ, ಒಳವ್ಯಾಸ 20 ಮಿಲಿಮೀಟರ್. 6205 ಆದರೆ 25. ಈ ಲೆಕ್ಕ 04ರಿಂದ ಮೇಲಕ್ಕೆ. ಕೆಳಗಿನ 00, 01, 02, 03ಕ್ಕೆ ಕ್ರಮವಾಗಿ 10, 12, 15, 17. ನಂಬರ್ ಗೊತ್ತಿದ್ದರೆ ಯಂತ್ರದ ಕಂಪನಿ ಮುಚ್ಚಿದ್ದರೂ ಬೇರಿಂಗ್ ಸಿಗುತ್ತದೆ. ಬೋಲ್ಟಿನ ವಿಷಯದಲ್ಲಿ ಮಾತ್ರ ಹುಷಾರು. ಹಳೆಯ ಇಂಗ್ಲಿಷ್ ಯಂತ್ರವಾದರೆ ವಿಟ್‌ವರ್ತ್ ಥ್ರೆಡ್ ಇರಬಹುದು. ಅದರ ಕೋನ 55 ಡಿಗ್ರಿ, ಮೆಟ್ರಿಕ್ಕಿನದ್ದು 60. ಎರಡು ಸುತ್ತು ಹೋಗಿ ಬಿಗಿಯಾದರೆ ಬಲ ಹಾಕಬೇಡಿ, ಅದು ಬೇರೆ ಜಾತಿ.

ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ.

* * *

ಗ್ರೈಂಡರ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಎಡಗಡೆ ನಟ್ ಉಲ್ಟಾ ಥ್ರೆಡ್ಡಿನದ್ದು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಕಲ್ಲನ್ನು ಬಿಚ್ಚಿ ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಂಟೆಯಂತೆ ಕೇಳಿಸಬೇಕು. ಮಂಕಾಗಿ ಟಪ್ ಎಂದರೆ ಬಿರುಕಿದೆ, ಒಡೆದು ಎಸೆಯಿರಿ. ಎಷ್ಟು ವರ್ಷ ಎಲ್ಲಿ ಬಿದ್ದಿತ್ತೋ ಗೊತ್ತಿಲ್ಲದ ಕಲ್ಲನ್ನು ನಾನಂತೂ ಪರೀಕ್ಷೆಯನ್ನೂ ಮಾಡದೆ ಬದಲಿಸುತ್ತೇನೆ.

ಸಾಗಿಸುವಾಗ ಇನ್ನೊಂದು ಮಾತು. ಲೇತಿಗೆ ತಲೆಭಾರ ಜಾಸ್ತಿ, ಓರೆಯಾದರೆ ಹಿಡಿಯಲು ಆಗುವುದಿಲ್ಲ. ಮೋಟರ್, ಚಕ್ ಮೊದಲೇ ಬಿಚ್ಚಿ. ಕ್ಯಾರೇಜನ್ನು ಓಡಿಸುವ ಉದ್ದನೆಯ ಲೀಡ್ ಸ್ಕ್ರೂಗೆ ಹಗ್ಗ ಕಟ್ಟಿ ಎತ್ತಬೇಡಿ, ಬಾಗಿಹೋಗುತ್ತದೆ. ಕೆಳಗೆ ಪೈಪ್ ಹಾಕಿ ಉರುಳಿಸಿಕೊಂಡು ಬನ್ನಿ.

* * *

ಎಲ್ಲರಿಗೂ ಧನ್ಯವಾದ. ಇವತ್ತು ಹೋಗಿ ನೋಡಿ ಬಂದೆ. ಬೆಡ್ಡು ಪರವಾಗಿಲ್ಲ, ಉಗುರಿಗೆ ಸ್ವಲ್ಪವೇ ತಡೆಯಿತು. ಮುಚ್ಚಳದ ಒಳಗೆ ಮೂರೇ ಗೇರ್. ಆದರೆ ಗೋಡೆ ಬದಿಯ ಒಂದು ಮರದ ಪೆಟ್ಟಿಗೆಯಲ್ಲಿ 9 ಗೇರ್ ಸಿಕ್ಕವು, ಹಳೆ ಚಿಂದಿ ಬಟ್ಟೆಯ ಕೆಳಗೆ! ಅದಕ್ಕೆ ಬೇರೆ ಲಾಟ್ ನಂಬರ್ ಇದೆ, ಲೇತಿಗಿಂತ ಮೊದಲೇ ಬರುತ್ತದೆ. ಏನು ಮಾಡಲಿ?

* * *

ಬಕೆಟ್ ಕಳೆದುಕೊಂಡವನು ಬರೆಯುತ್ತಿದ್ದೇನೆ. ನಾಳೆ ಬೇಗ ಹೋಗಿ ಒಂದು ಗೇರನ್ನು ಲೇತಿನ ಶಾಫ್ಟಿಗೆ ಹಾಕಿ ನೋಡಿ. ತೂತು ಸರಿ ಕೂತು, ಹಲ್ಲು ಒಳಗಿರುವ ಗೇರಿಗೆ ಕಚ್ಚಿದರೆ ಅದೇ ಸೆಟ್ ಎಂದುಕೊಳ್ಳಿ. ಎರಡನ್ನೂ ಒಟ್ಟಿಗೆ ಮಾರಿ ಎಂದು ಹರಾಜಿನವರನ್ನು ಕೇಳಬಹುದು, ಕೆಲವರು ಒಪ್ಪುತ್ತಾರೆ. ಆದರೆ ಗೇರ್ ಎಲ್ಲಿದೆ ಎಂದು ಅಲ್ಲಿದ್ದವರಿಗೆಲ್ಲ ತಿಳಿಯುತ್ತದೆ. ನಾನಾದರೆ ಪೆಟ್ಟಿಗೆಯನ್ನು ಸದ್ದಿಲ್ಲದೆ ಕೂಗುತ್ತೇನೆ. ಲೇತ್ ಬೇರೆಯವರ ಪಾಲಾದರೂ ಪರವಾಗಿಲ್ಲ, ಅವರು ಗೇರ್ ಹುಡುಕಿಕೊಂಡು ನಿಮ್ಮ ಹತ್ತಿರವೇ ಬರುತ್ತಾರೆ. ಮತ್ತೆ, ಆ ಚಿಂದಿ ಬಟ್ಟೆಯನ್ನು ಮೊದಲಿದ್ದ ಹಾಗೇ ಮುಚ್ಚಿ ಬಂದಿದ್ದೀರಿ ತಾನೇ?