ಅಮೇರಿಕಾದಲ್ಲಿ ವೋಟ್ ಹಾಕೋಕೆ ಐಡಿ ಕೇಳಿದ್ರೆ ಅಲ್ಪಸಂಖ್ಯಾತರ ಹಕ್ಕು ಹೋಗುತ್ತೆ ಅಂತಾರಲ್ಲ, ಹೇಗೆ?

ಸುಮ್ನೆ_ಕೇಳ್ದೆ

ಅಲ್ಲಿ ಎಲೆಕ್ಷನ್ ಬಂದಾಗೆಲ್ಲ ಇದೇ ಜಗಳ ನೋಡ್ತೀನಿ. ಬೂತಲ್ಲಿ ಫೋಟೋ ಇರೋ ಐಡಿ ತೋರಿಸಿ ಅಂದ್ರೆ ರಿಪಬ್ಲಿಕನ್ನರು ಸರಿ ಅಂತಾರೆ, ಡೆಮಾಕ್ರಟ್‌ಗಳು ಇದು ಬ್ಲ್ಯಾಕ್ ಜನರನ್ನ, ಲ್ಯಾಟಿನೋಗಳನ್ನ (ಲ್ಯಾಟಿನ್ ಅಮೇರಿಕಾ ಮೂಲದೋರು) ವೋಟಿಂದ ದೂರ ಇಡೋ ಪ್ಲಾನ್ ಅಂತಾರೆ. ನನಗೆ ಅರ್ಥ ಆಗದೇ ಇರೋದು ಇಷ್ಟೇ, ನಮ್ಮಲ್ಲಿ 1993ರಲ್ಲಿ ಶೇಷನ್ ಇದ್ದಾಗ್ಲೇ ಫೋಟೋ ಕಾರ್ಡ್ ಬಂತು, ಬಡವರ ಹತ್ರಾನೂ ಇದೆ, ಅಷ್ಟು ದುಡ್ಡಿರೋ ದೇಶದಲ್ಲಿ ಒಂದು ಕಾರ್ಡ್ ಮಾಡಿಸ್ಕೊಳ್ಳೋಕೆ ಆಗಲ್ವಾ? ಇದರಲ್ಲಿ ಜನಾಂಗ ಎಲ್ಲಿಂದ ಬಂತು? ರಾಜಕೀಯ ಬೈಗುಳ ಬೇಡ, ಗೊತ್ತಿರೋರು ಬಿಡಿಸಿ ಹೇಳಿ.

ಟೆಕ್ಸಾಸ್_ವಾಸಿ

ನಿಮ್ಮ ಪ್ರಶ್ನೇಲೇ ಉತ್ತರ ಇದೆ. ಇಂಡಿಯಾದಲ್ಲಿ ಆ ಕಾರ್ಡ್ ಮಾಡಿ ಕೊಡೋದು ಚುನಾವಣಾ ಆಯೋಗದ ಕೆಲಸ, ಬಿಎಲ್ಓ ಮನೆ ಬಾಗಿಲಿಗೇ ಬರ್ತಾರೆ, ಅದು ಕಳೆದುಹೋದ್ರೆ ಬೇರೆ ಹತ್ತಾರು ದಾಖಲೆ ನಡೆಯುತ್ತೆ. ಇಲ್ಲಿ ನ್ಯಾಷನಲ್ ಐಡಿ ಅನ್ನೋದೇ ಇಲ್ಲ. ಎಲೆಕ್ಷನ್ ನಡೆಸೋದು ರಾಜ್ಯ ಮತ್ತು ಕೌಂಟಿಗಳು (ನಮ್ಮ ಜಿಲ್ಲೆ ಥರ), ಯಾವ ಐಡಿ ನಡೆಯುತ್ತೆ ಅಂತ ತೀರ್ಮಾನ ಮಾಡೋದು ಆ ರಾಜ್ಯದ ಶಾಸಕರು, ಅಂದ್ರೆ ಅದೇ ಎಲೆಕ್ಷನ್ನಲ್ಲಿ ಗೆದ್ದು ಬಂದೋರು. ಬಹುಪಾಲು ಜನ ಡ್ರೈವಿಂಗ್ ಲೈಸೆನ್ಸೇ ತೋರಿಸ್ತಾರೆ, ಕಾರಿಲ್ಲದೋರ ಕಥೆ ಬೇರೆ.

ನಮ್ಮ ಟೆಕ್ಸಾಸನ್ನೇ ತಗೊಳ್ಳಿ. 2011ರಲ್ಲಿ ಎಸ್‌ಬಿ 14 ಅಂತ ಕಾನೂನು ಮಾಡಿದ್ರು. ಅದರಲ್ಲಿ ಗನ್ ಇಟ್ಕೊಳ್ಳೋ ಲೈಸೆನ್ಸ್ ತೋರಿಸಿದ್ರೆ ವೋಟ್ ಹಾಕಬಹುದು, ಸರ್ಕಾರಿ ಯೂನಿವರ್ಸಿಟಿಯ ಸ್ಟೂಡೆಂಟ್ ಐಡಿ ತೋರಿಸಿದ್ರೆ ಆಗಲ್ಲ. ಗನ್ ಲೈಸೆನ್ಸ್ ಯಾರ ಹತ್ರ ಜಾಸ್ತಿ, ಸ್ಟೂಡೆಂಟ್ ಐಡಿ ಯಾರ ಹತ್ರ ಜಾಸ್ತಿ ಅಂತ ನೀವೇ ಯೋಚನೆ ಮಾಡಿ. 2014ರಲ್ಲಿ ಫೆಡರಲ್ (ಕೇಂದ್ರದ) ಕೋರ್ಟ್ ಒಪ್ಪಿದ ಲೆಕ್ಕದ ಪ್ರಕಾರ ರಿಜಿಸ್ಟರ್ ಆಗಿರೋ ವೋಟರ್‌ಗಳಲ್ಲೇ ಸುಮಾರು 6 ಲಕ್ಷ ಜನರ ಹತ್ರ ಆ ಪಟ್ಟಿಯಲ್ಲಿರೋ ಒಂದು ಐಡಿಯೂ ಇರ್ಲಿಲ್ಲ, ಹಾಗೆ ಐಡಿ ಇಲ್ಲದಿರೋ ಸಾಧ್ಯತೆ ಬ್ಲ್ಯಾಕ್ ಮತ್ತು ಹಿಸ್ಪಾನಿಕ್ (ಲ್ಯಾಟಿನೋ) ವೋಟರ್‌ಗಳಲ್ಲಿ ಬಿಳಿಯರಿಗಿಂತ ಬಹಳ ಹೆಚ್ಚು.

"ಫ್ರೀ ಐಡಿ ಕೊಡ್ತೀವಿ" ಅಂತಾರೆ, ಕೊಡ್ತಾರೆ ಕೂಡ. ಆದ್ರೆ ಆ ಫ್ರೀ ಕಾರ್ಡಿಗೆ ಬರ್ತ್ ಸರ್ಟಿಫಿಕೇಟ್ ಬೇಕು. ದಕ್ಷಿಣದ ರಾಜ್ಯಗಳಲ್ಲಿ ಆಗಿನ ಕಾಲದಲ್ಲಿ ಸೂಲಗಿತ್ತಿ ಕೈಲಿ ಮನೇಲೇ ಹುಟ್ಟಿದ ಬ್ಲ್ಯಾಕ್ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ಅದು ಇಲ್ಲವೇ ಇಲ್ಲ, ಇದ್ರೂ ಹೆಸರು ತಪ್ಪಾಗಿರುತ್ತೆ. ಲೈಸೆನ್ಸ್ ಆಫೀಸೇ ಇಲ್ಲದ ಕೌಂಟಿಗಳಿವೆ, ಬಸ್ಸಿಲ್ಲ, ದಿನಗೂಲಿಯೋನು ಕೆಲಸ ಬಿಟ್ಟು ಹೋಗಬೇಕು.

ಧಾರವಾಡ_ಪೇಡೆ

ಅಲ್ರೀ ಒಂದ್ ಮಾತು, ಒಂದೇ ಕಡೆ ಹೇಳಿದ್ರ ಹೆಂಗ? ಐಡಿ ಕೇಳೂದು ಬರೇ ರಿಪಬ್ಲಿಕನ್ನರ ಹಟ ಅಲ್ಲ. 2005ರಾಗ ಜಿಮ್ಮಿ ಕಾರ್ಟರ್ ಮತ್ತ ರಿಪಬ್ಲಿಕನ್ನರ ಜೇಮ್ಸ್ ಬೇಕರ್ ಕೂಡಿ ಇದ್ದ ಆಯೋಗನ ಫೋಟೋ ಐಡಿ ಇರಲಿ ಅಂತ ಶಿಫಾರಸು ಮಾಡೇತಿ. ಕಾರ್ಟರ್ ಅಂದ್ರ ಡೆಮಾಕ್ರಟ್ ಪ್ರೆಸಿಡೆಂಟ್ ಆಗಿದ್ದಂವ. ಜನಾಭಿಪ್ರಾಯ ಸಮೀಕ್ಷೆ ನೋಡ್ರಿ, ಹತ್ತರಾಗ ಎಂಟು ಮಂದಿ ಐಡಿ ಬೇಕು ಅಂತಾರ, ಬ್ಲ್ಯಾಕ್ ಮಂದಿಯೊಳಗೂ ಹೆಚ್ಚಿನವ್ರು ಹೂಂ ಅಂತಾರ.

ಇನ್ನ ವೋಟಿಂಗ್ ಕಡಿಮಿ ಆಗೂದು. ಕ್ಯಾಂಟೋನಿ, ಪೋನ್ಸ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2008ರಿಂದ 2018ರ ತನಕದ ಇಡೀ ದೇಶದ ಡೇಟಾ ಹಿಡದು ನೋಡ್ಯಾರ. ಕಡ್ಡಾಯ ಐಡಿ ಕಾನೂನು ಬಂದ ರಾಜ್ಯದಾಗ ರಿಜಿಸ್ಟ್ರೇಷನ್ನೂ ಇಳದಿಲ್ಲ, ಟರ್ನೌಟೂ ಇಳದಿಲ್ಲ, ಯಾವ ಜನಾಂಗದಾಗೂ ಹೇಳಿಕೊಳ್ಳುವಂಥಾ ಫರಕು ಸಿಕ್ಕಿಲ್ಲ. ಅದಕ್ಕಿಂತ ಮೊದಲು 2017ರಾಗ ಒಂದು ಪೇಪರ್ ಬಂದಿತ್ತು, ಅಲ್ಪಸಂಖ್ಯಾತರ ವೋಟಿಂಗ್ ಧಪ್ ಅಂತ ಬಿತ್ತು ಅಂತ, ಪತ್ರಿಕೆಯವ್ರು ಕುಣದಾಡಿದ್ರು. ಮರುವರ್ಷ ಬ್ಯಾರೆದವ್ರು ಅದೇ ಡೇಟಾ ತಿರುಗಿ ತೆಗದು ನೋಡಿದ್ರ ಲೆಕ್ಕನ ನಿಲ್ಲಲಿಲ್ಲ.

ಕಾನೂನು_ಕಟ್ಟೆ

ಧಾರವಾಡ ಸರ್ ಹೇಳಿದ ಸ್ಟಡಿ ನಿಜ, ಆದ್ರೆ ಅದೇ ಸ್ಟಡಿಯ ಇನ್ನೊಂದು ಅರ್ಧ ಬಿಟ್ರಿ 🙂 ಅವರೇ ನೋಡಿದಾಗ ಐಡಿ ಕಾನೂನಿಂದ ಫ್ರಾಡ್ ಕಡಿಮೆ ಆಗಿದ್ದೂ ಕಾಣಲಿಲ್ಲ, ಜನರಿಗೆ ಎಲೆಕ್ಷನ್ ಮೇಲೆ ನಂಬಿಕೆ ಹೆಚ್ಚಾಗಿದ್ದೂ ಕಾಣಲಿಲ್ಲ. ಕಾರ್ಟರ್ ಆಯೋಗ ಕೂಡ ಬರೀ ಐಡಿ ಕೇಳಿ ಅಂದಿದ್ದಲ್ಲ, ಸರ್ಕಾರಾನೇ ಜನರ ಹತ್ರ ಹೋಗಿ ಫ್ರೀಯಾಗಿ ಕಾರ್ಡ್ ಮಾಡಿಕೊಡಲಿ ಅಂದಿತ್ತು. ಆ ಎರಡನೇ ಅರ್ಧ ಯಾರೂ ಓದಲ್ಲ. ಮತ್ತೆ ಎಲ್ಲಾ ಲೆಕ್ಕಾನೂ ಒಂದೇ ಕಡೆ ಇಲ್ಲ, 2014ರಲ್ಲಿ ಅಮೇರಿಕಾದ ಸರ್ಕಾರಿ ಲೆಕ್ಕಪತ್ರ ಸಂಸ್ಥೆ ಜಿಎಓ ಕಾನ್ಸಾಸ್, ಟೆನೆಸ್ಸಿ ಎರಡು ರಾಜ್ಯ ನೋಡಿ 2ರಿಂದ 3 ಪರ್ಸೆಂಟೇಜ್ ಪಾಯಿಂಟ್ ಇಳಿದಿದೆ ಅಂತ ಹೇಳಿತ್ತು, ಹುಡುಗರಲ್ಲಿ, ಬ್ಲ್ಯಾಕ್ ವೋಟರ್ಸಲ್ಲಿ ಇನ್ನೂ ಜಾಸ್ತಿ.

ಫ್ರಾಡ್ ಅಂದ್ರೆ ಏನು ಅನ್ನೋದೂ ಮುಖ್ಯ. ಬೂತಲ್ಲಿ ಫೋಟೋ ಐಡಿ ತಡೆಯೋದು ಒಂದೇ ಥರದ ಮೋಸ, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬಂದು ಹಾಕೋದು. ಇಂಡಿಯಾನ ಅನ್ನೋ ರಾಜ್ಯದ ಐಡಿ ಕಾನೂನು ಕ್ರಾಫರ್ಡ್ ಕೇಸಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ 2008ರಲ್ಲಿ 6-3ರಲ್ಲಿ ರಾಜ್ಯಾನೇ ಗೆಲ್ತು, ಆದ್ರೆ ಅದೇ ತೀರ್ಪಲ್ಲಿ ಜಸ್ಟಿಸ್ ಸ್ಟೀವನ್ಸ್ ಇಂಡಿಯಾನದಲ್ಲಿ ಅಂಥ ಮೋಸ ಆಗಿದ್ದಕ್ಕೆ ದಾಖಲೆಯಲ್ಲಿ ಒಂದೂ ಪುರಾವೆ ಇಲ್ಲ ಅಂತ ಬರೆದ್ರು. ತೀರ್ಪು ಬಂದ ಮುಂದಿನ ವಾರವೇ ಅಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿ ಆರಿಸೋ ಎಲೆಕ್ಷನ್), ಸೌತ್ ಬೆಂಡ್ ಹತ್ರದ ಕಾನ್ವೆಂಟಿನ ಹತ್ತು ಹನ್ನೆರಡು ವಯಸ್ಸಾದ ನನ್‌ಗಳು ಐಡಿ ಇಲ್ಲ ಅಂತ ವಾಪಸ್ ಹೋದ್ರು. ಕೆಳಗಿನ ಕೋರ್ಟಲ್ಲಿ ಈ ಕಾನೂನು ಸರಿ ಅಂತ ಬರೆದಿದ್ದ ಜಡ್ಜ್ ರಿಚರ್ಡ್ ಪೋಸ್ನರ್ 2014ರ ಹೊತ್ತಿಗೆ ವಿಸ್ಕಾನ್ಸಿನ್ ಕೇಸಲ್ಲಿ ಪೂರ್ತಿ ಆಚೆ ಕಡೆ ನಿಂತ್ರು, ಈ ಥರ ಕಾನೂನು ವೋಟ್ ತಪ್ಪಿಸೋ ದಾರಿ ಅನ್ನೋ ಕಡೆ.

ಜನಾಂಗ ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ, ಅದಕ್ಕೆ ನಾರ್ತ್ ಕ್ಯಾರೊಲೈನ ನೋಡಬೇಕು. 1965ರ ವೋಟಿಂಗ್ ರೈಟ್ಸ್ ಆಕ್ಟ್ ಪ್ರಕಾರ ಹಳೇ ತಾರತಮ್ಯದ ರಾಜ್ಯಗಳು, ಕೌಂಟಿಗಳು ಎಲೆಕ್ಷನ್ ನಿಯಮ ಬದಲಾಯಿಸೋಕೆ ಮುಂಚೆ ವಾಷಿಂಗ್ಟನ್ನಿನ ಒಪ್ಪಿಗೆ ತಗೋಬೇಕಿತ್ತು. 2013 ಜೂನಲ್ಲಿ ಶೆಲ್ಬಿ ಕೌಂಟಿ ಕೇಸಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಯಾರ್ಯಾರು ಈ ಒಪ್ಪಿಗೆ ಕೇಳಬೇಕು ಅನ್ನೋ ಸೂತ್ರಾನೇ ಹೊಡೆದು ಹಾಕ್ತು. ಅದೇ ದಿನ ಟೆಕ್ಸಾಸ್ ನಮ್ಮ ಐಡಿ ಕಾನೂನು ಜಾರಿ ಅಂತ ಹೇಳ್ತು. ನಾರ್ತ್ ಕ್ಯಾರೊಲೈನದ ಶಾಸಕರು ಯಾವ ಜನಾಂಗದೋರು ಹೇಗೆ ವೋಟ್ ಹಾಕ್ತಾರೆ ಅಂತ ಡೇಟಾ ತರಿಸಿಕೊಂಡ್ರು, ಆಮೇಲೆ ಬ್ಲ್ಯಾಕ್ ಜನ ಜಾಸ್ತಿ ಬಳಸೋ ಐಡಿಗಳನ್ನೇ ಪಟ್ಟಿಯಿಂದ ತೆಗೆದ್ರು, ಅರ್ಲಿ ವೋಟಿಂಗ್ (ಎಲೆಕ್ಷನ್ ದಿನಕ್ಕೆ ಮುಂಚೆನೇ ವೋಟ್ ಹಾಕೋದು) 17 ದಿನ ಇದ್ದಿದ್ದು 10ಕ್ಕೆ ಇಳಿಸಿದ್ರು. 2016ರಲ್ಲಿ ಅಪೀಲ್ ಕೋರ್ಟ್ ಇದನ್ನ ರದ್ದು ಮಾಡುವಾಗ, ಬಹುತೇಕ ಆಪರೇಷನ್ ಮಾಡೋ ಡಾಕ್ಟರ್ ಕೈಚಳಕದಷ್ಟು ಕರಾರುವಾಕ್ಕಾಗಿ ಬ್ಲ್ಯಾಕ್ ಜನರನ್ನ ಗುರಿ ಇಟ್ಟಿದ್ದಾರೆ ಅನ್ನೋ ಅರ್ಥದಲ್ಲಿ ಬರೀತು. ಒಟ್ಟು ಟರ್ನೌಟ್ ಇಳೀತೋ ಇಲ್ವೋ ಅನ್ನೋದು ಇದಕ್ಕೆ ಉತ್ತರ ಅಲ್ಲ ಸರ್, ಉದ್ದೇಶ ಏನಿತ್ತು ಅನ್ನೋದು ಕೋರ್ಟಿನ ಪ್ರಶ್ನೆ.

ಆದ್ರೂ ಅಲ್ಲಿಗೆ ಮುಗೀಲಿಲ್ಲ, ಹೊಸ ಐಡಿ ಕಾನೂನು ಬಂತು, 2022 ಡಿಸೆಂಬರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬೇಡ ಅಂತು, (ಅಲ್ಲಿ ಜಡ್ಜ್‌ಗಳೂ ಎಲೆಕ್ಷನ್ನಲ್ಲೇ ಆರಿಸಿ ಬರೋದು) ಎಲೆಕ್ಷನ್ನಾಗಿ ಜಡ್ಜ್‌ಗಳು ಬದಲಾದ್ಮೇಲೆ 2023 ಏಪ್ರಿಲಲ್ಲಿ ಅದೇ ಕೋರ್ಟ್ ಸರಿ ಅಂತು. ಹಿಂಗೂ ಉಂಟು.

ಧಾರವಾಡ_ಪೇಡೆ

ನಾರ್ತ್ ಕ್ಯಾರೊಲೈನ ಮಾಡಿದ್ದು ಸರಿ ಅಂತ ನಾ ಎಲ್ಲಿ ಅಂದೆ? ಅಷ್ಟಕ್ಕ ಎಲ್ಲಾ ರಾಜ್ಯಾನೂ ಹಂಗ ಅನ್ನಬ್ಯಾಡ್ರಿ. ಟೆಕ್ಸಾಸನ್ಯಾಗೂ 2016ರಾಗ ಕೋರ್ಟ್ ಬೈದ ಮ್ಯಾಲೆ ಐಡಿ ತರಾಕ ಆಗದವ್ರು ಕಾರಣ ಬರದು ಸಹಿ ಮಾಡಿ, ಕರೆಂಟ್ ಬಿಲ್ಲಿನಂಥದ್ದು ಏನರ ತೋರ್ಸಿ ವೋಟ್ ಹಾಕಬಹುದು ಅಂತ ಆತು. ಐಡಿ ಇರಲಿ, ಸಂದು ಇರಲಿ, ಮುಗೀತಲ್ಲ.

ಟೆಕ್ಸಾಸ್_ವಾಸಿ

ಅದು ಕೋರ್ಟ್ ಬೈದ ಮೇಲೆ. ಮಧ್ಯೆ 2014ರ ಎಲೆಕ್ಷನ್ ಹಳೇ ಕಟ್ಟುನಿಟ್ಟಲ್ಲೇ ನಡೀತು, ಅವತ್ತು ವಾಪಸ್ ಹೋದೋರ ವೋಟ್ ಯಾರು ವಾಪಸ್ ಕೊಡ್ತಾರೆ?

ಮಿನಿಯಾಪೊಲಿಸ್_ಅಕ್ಕ

ಎಲ್ರೂ ಬ್ಲ್ಯಾಕ್, ಹಿಸ್ಪಾನಿಕ್ ಅಂತಿದ್ದೀರಿ, ಮೂಲನಿವಾಸಿಗಳನ್ನ ಮರೀಬೇಡಿ. ನಮ್ಮ ಪಕ್ಕದ ನಾರ್ತ್ ಡಕೋಟದಲ್ಲಿ ವೋಟರ್ ರಿಜಿಸ್ಟ್ರೇಷನ್ನೇ ಇಲ್ಲ, ಐಡಿ ತೋರಿಸಿ ಹಾಕೋದು. ಆ ಐಡಿಯಲ್ಲಿ ರಸ್ತೆ ಹೆಸರು, ಮನೆ ನಂಬರ್ ಇರ್ಲೇಬೇಕು ಅಂತ ಮಾಡಿದ್ರು. ರಿಸರ್ವೇಷನ್‌ಗಳಲ್ಲಿ (ಮೂಲನಿವಾಸಿಗಳಿಗೆ ಬಿಟ್ಟಿರೋ ಜಾಗ, ನಮ್ಮ ಮೀಸಲಾತಿ ಅಲ್ಲ) ಎಷ್ಟೋ ಮನೆಗೆ ನಂಬರ್ರೇ ಇಲ್ಲ, ಟಪಾಲೆಲ್ಲ ಪೋಸ್ಟ್ ಬಾಕ್ಸಿಗೆ ಬರೋದು, ಆ ಪೋಸ್ಟ್ ಬಾಕ್ಸ್ ವಿಳಾಸ ನಡೆಯಲ್ಲ. 2018ರ ಅಕ್ಟೋಬರಲ್ಲಿ, ಎಲೆಕ್ಷನ್ನಿಗೆ ತಿಂಗಳೂ ಇಲ್ಲ, ಸುಪ್ರೀಂ ಕೋರ್ಟ್ ಈ ನಿಯಮ ತಡೆಯೋಕೆ ಒಪ್ಪಲಿಲ್ಲ. ಟರ್ಟಲ್ ಮೌಂಟನ್, ಸ್ಟ್ಯಾಂಡಿಂಗ್ ರಾಕ್ ಇಂಥ ಬುಡಕಟ್ಟಿನೋರು ತಾವೇ ಖರ್ಚು ಹಾಕ್ಕೊಂಡು ಫ್ರೀ ಐಡಿ ಪ್ರಿಂಟ್ ಮಾಡಿ ಹಂಚಿದ್ರು. ಆ ಸಲ ಅಲ್ಲಿ ವೋಟಿಂಗ್ ಕಡಿಮೆ ಆಗ್ಲಿಲ್ಲ, ಜಾಸ್ತೀನೇ ಆಯ್ತು.

ಧಾರವಾಡದವರು ಹೇಳೋ ಸ್ಟಡಿಗಳಲ್ಲಿ ಇಂಥದ್ದು ಬರೀ "ಪರಿಣಾಮ ಇಲ್ಲ" ಅಂತ ಕಾಣುತ್ತೆ. ಪರಿಣಾಮ ಇತ್ತು, ಅದನ್ನ ಬಡ ಬುಡಕಟ್ಟು ತನ್ನ ದುಡ್ಡು ಹಾಕಿ, ನಿದ್ದೆಗೆಟ್ಟು ತುಂಬ್ಕೊಂಡಿತು ಅಷ್ಟೆ. 2020ರಲ್ಲಿ ರಾಜಿ ಆಗಿ ಮ್ಯಾಪಲ್ಲಿ ಮನೆ ಎಲ್ಲಿದೆ ಅಂತ ಗುರುತು ಮಾಡಿದ್ರೂ ಸಾಕು ಅಂತ ಆಯ್ತು.

ಸುಮ್ನೆ_ಕೇಳ್ದೆ

ಥ್ಯಾಂಕ್ಸ್ ಎಲ್ರಿಗೂ, ಮನೆ ನಂಬರ್ ವಿಷಯ ನಿಜವಾಗ್ಲೂ ಗೊತ್ತಿರ್ಲಿಲ್ಲ. ಇನ್ನೊಂದು, ನನ್ನ ತಂಗಿ ಅಲ್ಲಿ ಸಿಟಿಜನ್ ಆಗಿದ್ದಾಳೆ, ನಮ್ಮ ಥರ ಹೊರಗಿಂದ ಹೋಗಿ ಸಿಟಿಜನ್ ಆದೋರಿಗೆ ಇದು ತಟ್ಟುತ್ತಾ?

ಕಾನೂನು_ಕಟ್ಟೆ

ಐಡಿ ಕಾನೂನು ಅಷ್ಟು ತಟ್ಟಲ್ಲ, ನಮ್ಮವರ ಹತ್ರ ಲೈಸೆನ್ಸ್, ಪಾಸ್‌ಪೋರ್ಟ್ ಎರಡೂ ಸಾಮಾನ್ಯವಾಗಿ ಇರುತ್ತೆ. ತಟ್ಟೋದು ಇನ್ನೊಂದು, ರಿಜಿಸ್ಟರ್ ಆಗುವಾಗ್ಲೇ ಪೌರತ್ವದ ಕಾಗದ ತೋರಿಸಿ ಅನ್ನೋದು. ಕಾನ್ಸಾಸ್ 2013ರಿಂದ ಇದನ್ನ ಮಾಡ್ತು. 31 ಸಾವಿರಕ್ಕೂ ಹೆಚ್ಚು ಅರ್ಜಿ ನಿಂತುಹೋದ್ವು, ಒಟ್ಟು ಅರ್ಜಿಯಲ್ಲಿ ನೂರಕ್ಕೆ ಹನ್ನೆರಡು. ಪೌರರಲ್ಲದೋರು ರಿಜಿಸ್ಟರ್ ಆಗಿದ್ದಕ್ಕೆ ರಾಜ್ಯ ತೋರಿಸೋಕಾಗಿದ್ದು ಸುಮಾರು ಎರಡು ದಶಕದಲ್ಲಿ 39. ಕೋರ್ಟಲ್ಲಿ ತಾವೇ ವಾದ ಮಾಡಿದ, ಎಲೆಕ್ಷನ್ ನೋಡ್ಕೊಳ್ಳೋ ರಾಜ್ಯದ ಸೆಕ್ರೆಟರಿ ಕ್ರಿಸ್ ಕೋಬಾಕ್‌ಗೆ 2018ರಲ್ಲಿ ಸೋತಿದ್ದಲ್ಲದೆ ಹೆಚ್ಚುವರಿ ಕಾನೂನು ಕ್ಲಾಸಿಗೆ ಹೋಗಿ ಬನ್ನಿ ಅಂತ ಜಡ್ಜ್ ಆರ್ಡರ್ ಬೇರೆ ಮಾಡಿದ್ರು 😄

ಅದನ್ನೇ ಇಡೀ ದೇಶಕ್ಕೆ ತರೋಕೆ ಸೇವ್ ಆಕ್ಟ್ ಅಂತ ಬಿಲ್ಲು, 2025 ಏಪ್ರಿಲಲ್ಲಿ ಹೌಸಲ್ಲಿ (ಸಂಸತ್ತಿನ ಕೆಳಮನೆ) ಪಾಸಾಯ್ತು. ತಂಗಿಗೆ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ (ಪೌರತ್ವ ಸಿಕ್ಕ ಕಾಗದ) ಹುಷಾರಾಗಿ ಇಟ್ಕೊಳ್ಳೋಕೆ ಹೇಳಿ, ಮದುವೆ ಆದ್ಮೇಲೆ ಹೆಸರು ಬದಲಾಗಿದ್ರೆ ಆ ಕಾಗದಾನೂ ಜೊತೆಗೆ.