ಉಚಿತ ಆವೃತ್ತಿ ಬಿಟ್ಟರೆ ದುಡ್ಡಿನ ಆ್ಯಪ್ ಮಾರಾಟ ಬೀಳುತ್ತಾ?

ಪ್ರಶ್ನೆ: ಟೈಲರ್‌ಗಳು ಗಿರಾಕಿಗಳ ಅಳತೆ ಬರೆದಿಡುವ ಆ್ಯಪ್ ಮಾಡಿದ್ದೇನೆ. ಪ್ಲೇ ಸ್ಟೋರ್‌ನಲ್ಲಿ 149 ರೂಪಾಯಿ. ತಗೊಂಡವರು ಮೆಚ್ಚಿದ್ದಾರೆ, ತಗೊಳ್ಳುವವರೇ ಕಡಿಮೆ. ಉಚಿತವಾಗಿ ಒಂದು ಬಿಟ್ಟರೆ ಇರುವ ಮಾರಾಟವೂ ಹೋಗುತ್ತಾ? ಅನುಭವ ಇದ್ದವರು ಹೇಳಿ.

ಉತ್ತರ: ಧೈರ್ಯವಾಗಿ ಬಿಡಿ ಸರ್. ಮನೆಮನೆಗೆ ಹಾಲು ಹಾಕುವವರ ಲೆಕ್ಕದ ಆ್ಯಪ್ ನನ್ನದು. ಉಚಿತ ಕೊಟ್ಟಮೇಲೆ ನನ್ನ ಮಾರಾಟ ಏರಿತು. ಆದರೆ ಎಲ್ಲಿ ಗೆರೆ ಎಳೆಯುತ್ತೀರಿ ಅನ್ನೋದೇ ಮುಖ್ಯ.

ನಾನು ಬಿಲ್, ಬಾಕಿ ಲೆಕ್ಕ ಯಾವುದನ್ನೂ ಮುಚ್ಚಿಟ್ಟಿಲ್ಲ. 30 ಮನೆಗಳವರೆಗೆ ಎಲ್ಲವೂ ಉಚಿತ. 31ನೇ ಮನೆಯ ಹೆಸರು ಸೇರಿಸಲು ಹೋದಾಗ ದುಡ್ಡು ಕೇಳುತ್ತದೆ. ಅಷ್ಟೊತ್ತಿಗೆ ಅವರ ವ್ಯಾಪಾರವೆಲ್ಲ ಅದರೊಳಗೇ ಇರುತ್ತದೆ, ಕೊಡಲು ಬೇಜಾರಾಗಲ್ಲ. ಹತ್ತಿಪ್ಪತ್ತು ಮನೆಗೆ ಹಾಕುವವರು ಕೊಡಬೇಕಾಗಿಯೂ ಇಲ್ಲ. ಪಕ್ಕದವರಿಗೆ ತೋರಿಸುವವರು ಅವರೇ ಅಲ್ವಾ? ನೀವೂ ಬ್ಲೌಸ್ ಅಳತೆ ಉಚಿತ, ಪ್ಯಾಂಟ್‌ಗೆ ದುಡ್ಡು ಅಂತ ಮಾಡಬೇಡಿ. ಗಿರಾಕಿಗಳ ಸಂಖ್ಯೆಗೆ ಮಿತಿ ಇಡಿ.

ಉಚಿತಕ್ಕೊಂದು, ದುಡ್ಡಿಗೊಂದು ಅಂತ ಎರಡು ಆ್ಯಪ್ ಬೇಡ. ಆ್ಯಪಲ್‌ನವರು 2009ರ ಅಕ್ಟೋಬರ್‌ವರೆಗೆ ಉಚಿತ ಆ್ಯಪ್ ಒಳಗೆ ಏನೂ ಮಾರಲು ಬಿಡುತ್ತಿರಲಿಲ್ಲ. ಅದಕ್ಕೇ ಆಗ ಎಲ್ಲರೂ ಬೇರೆಯಾಗಿ ‘ಲೈಟ್’ ಆವೃತ್ತಿ ಬಿಡುತ್ತಿದ್ದರು. ಈಗ ಆ ತೊಂದರೆ ಇಲ್ಲ. ಎರಡಾದರೆ ರೇಟಿಂಗ್ ಹಂಚಿಹೋಗುತ್ತದೆ. ಬರೆದ ಅಳತೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಬೇರೆ.

ಒಂದು ಎಚ್ಚರಿಕೆ. ಸುಮ್ನೆ ನೋಡೋಣ ಅಂತ ಬೆಲೆ ಸೊನ್ನೆ ಮಾಡಬೇಡಿ. ಪ್ಲೇ ಸ್ಟೋರ್‌ನಲ್ಲಿ ಒಮ್ಮೆ ಉಚಿತವಾದ ಆ್ಯಪ್‌ಗೆ ಮತ್ತೆ ಬೆಲೆ ಹಾಕಲು ಆಗಲ್ಲ. ಒಳಗೆ ಮಾರಬಹುದು ಅಷ್ಟೆ. ಬೆಲೆ ತೆಗೆಯುವ ಮೊದಲೇ ಒಂದು ಅಪ್‌ಡೇಟ್ ಬಿಟ್ಟು, ದುಡ್ಡು ಕೊಟ್ಟ ಹಳಬರನ್ನು ಗುರುತು ಹಾಕಿಕೊಳ್ಳಿ. ಅವರಿಗೆ ಯಾವ ಮಿತಿಯೂ ಬರಬಾರದು.

ಲೆಕ್ಕಾಚಾರವೂ ಹದವಾಗಿರಲಿ. ‘ಸೂಪರ್ ಮಾರಿಯೋ ರನ್’ ಆಟದ ಮೊದಲ ಭಾಗ ಉಚಿತ, ಪೂರ್ತಿ ಬೇಕಂದ್ರೆ ಸುಮಾರು 10 ಡಾಲರ್ ಇತ್ತು. 2017ರ ಜನವರಿ ಹೊತ್ತಿಗೆ 7.8 ಕೋಟಿ ಡೌನ್‌ಲೋಡ್ ಆಗಿ, ದುಡ್ಡು ಕೊಟ್ಟವರು 100ಕ್ಕೆ 5ರ ಮೇಲೆ ಸ್ವಲ್ಪ. ಅಂಥ ಹೆಸರಿನ ಆಟಕ್ಕೇ ಅಷ್ಟು.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದು ಸರಿ. ಪ್ಲೇ ಸ್ಟೋರ್‌ನಲ್ಲಿ ಕೊಂಡು 2 ಗಂಟೆಯೊಳಗೆ ವಾಪಸ್ ಮಾಡಬಹುದು ನಿಜ, ಆದರೆ ಟೈಲರ್‌ಗೆ ಅಷ್ಟರಲ್ಲಿ ಏನು ಗೊತ್ತಾಗುತ್ತೆ? ಹಬ್ಬದ ಸೀಸನ್‌ಗೆ ಮುಂಚೆ ಉಚಿತ ಬಿಡಿ. ಗಿರಾಕಿಗಳು ಜಾಸ್ತಿ ಬರುವ ಹೊತ್ತಿಗೆ ಆ್ಯಪ್ ಅವರ ಕೈಯಲ್ಲಿರಲಿ.